ನಂದೇ ಅಕ್ಕ ಸತ್ತ ಸರ್ವರ್‌ಗೆ ಚಪ್ಪಾಳೆ ತಟ್ಟಿದ್ದು

ಸತ್ತು ಕೂತ ಸರ್ವರೊಂದರ ಮುಂದೆ ನಿಂತು, ನಲವತ್ತು ದಾಟಿದ ಹೆಂಗಸೊಬ್ಬಳು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು ಎಂದರೆ ಯಾರೂ ನಂಬುವುದಿಲ್ಲ. ಮೇಸ್ತ್ರಿ ಮಾತ್ರ ನಂಬುತ್ತಾನೆ, ಏಕೆಂದರೆ ಅವನು ಪಕ್ಕದಲ್ಲೇ ಇದ್ದ. ಡೇಟಾ ಸೆಂಟರಿನ ಮಷಿನ್ ರೂಮು ಪೂರ್ತಿ ಅವನ ಸುಪರ್ದಿ. ಸಾಲುಸಾಲು ಕಪಾಟುಗಳು, ಕಪಾಟಿನ ತುಂಬ ಸರ್ವರುಗಳು, ಒಂದೊಂದರ ಬೆನ್ನಿಗೂ ಭೋರ್ಗರೆಯುವ ಫ್ಯಾನು. ಕಿವಿಗೆ ದಪ್ಪ ಮುಚ್ಚಿಗೆ ಹಾಕಿಕೊಂಡಿದ್ದ ಅವನಿಗೆ ಚಪ್ಪಾಳೆ ಕೇಳಿಸಲಿಲ್ಲ, ಕಾಣಿಸಿತು. ಅಕ್ಕನಿಗೆ ತಲೆ ಕೆಟ್ಟಿತು ಎಂದು ಅವನು ಅಂದುಕೊಂಡಿದ್ದರೆ ಅದರಲ್ಲಿ ಅವನ ತಪ್ಪಿಲ್ಲ. ಮಷಿನ್ ಕೈಕೊಟ್ಟಾಗ ತಲೆ ಮೇಲೆ ಕೈ ಹೊತ್ತು ಕೂರುವವರನ್ನು ಅವನು ಬೇಕಾದಷ್ಟು ನೋಡಿದ್ದ. ಕುಣಿಯುವವರನ್ನು ನೋಡಿರಲಿಲ್ಲ.

ಆ ಚಪ್ಪಾಳೆ ಅರ್ಥವಾಗಬೇಕಾದರೆ ಮೊದಲು ಅವಳ ಅಡ್ಡಹೆಸರು ಅರ್ಥವಾಗಬೇಕು. ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ನಂದೇ ಅಕ್ಕ ಎಂದು. ಎಲ್ಲೋ ಏನೋ ಕೆಟ್ಟಿತು ಎಂಬ ಸುದ್ದಿ ಬಂದರೆ ಸಾಕು, ಕೆಟ್ಟಿದ್ದು ಏನು ಎಂದು ಕೇಳುವ ಮೊದಲೇ ಅವಳ ಬಾಯಿಂದ ಬರುವ ಮಾತು ಒಂದೇ: "ಅಯ್ಯೋ, ನಂದೇ ಇರ್ಬೇಕು, ತಡೀರಿ ನೋಡ್ತೀನಿ." ಒಂದು ಸಲ ಆಫೀಸಿನ ಲಿಫ್ಟು ಎರಡು ಮಹಡಿಗಳ ಮಧ್ಯೆ ನಿಂತುಬಿಟ್ಟಿತು. ಒಳಗೆ ಸಿಕ್ಕಿಕೊಂಡವರೆಲ್ಲ ಗಾಬರಿಯಾಗಿದ್ದರೆ ಇವಳು, "ನಾನು ಬಟನ್ ಸ್ವಲ್ಪ ಜೋರಾಗಿ ಒತ್ತಿದೆ ಅನ್ಸುತ್ತೆ" ಎಂದು ಎಲ್ಲರ ಕ್ಷಮೆ ಕೇಳಿದಳಂತೆ. ಅಂದಿನಿಂದ ಆ ಹೆಸರು ಗಟ್ಟಿಯಾಯಿತು.

ಈ ಚಟ ಅವಳಿಗೆ ಅಂಟಿದ್ದು ಚಿಕ್ಕಂದಿನಲ್ಲಿ. ನಾಲ್ಕು ಮಕ್ಕಳ ಮನೆ, ಒಂದೇ ಸಂಬಳ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಅಮ್ಮ. ಲೋಟ ಒಡೆದರೆ, ಶಾಯಿ ಚೆಲ್ಲಿದರೆ ಅಮ್ಮ ಸೊಂಟಕ್ಕೆ ಕೈಯಿಟ್ಟು "ಯಾರು ಮಾಡಿದ್ದು?" ಎಂದು ಕೇಳುತ್ತಿದ್ದಳು. ಉಳಿದ ಮೂವರು ತುಟಿ ಪಿಟಕ್ಕೆನ್ನದೆ ಗೋಡೆ ನೋಡುತ್ತಿದ್ದರು. ಯಾರೂ ಒಪ್ಪಿಕೊಳ್ಳದಿದ್ದರೆ ನಾಲ್ವರಿಗೂ ಬೀಳುತ್ತಿತ್ತು, ಮೇಲಿಂದ ರಾತ್ರಿ ಮಲಗುವವರೆಗೂ ಮನೆಯಲ್ಲಿ ಮುಖ ಗಂಟು. ಒಬ್ಬರು ಒಪ್ಪಿಕೊಂಡರೆ ಒಂದು ಬೈಗುಳ, ಬೆನ್ನಿಗೊಂದು ಏಟು, ಅಲ್ಲಿಗೆ ಮುಗಿಯಿತು. ಎರಡನೆಯವಳಾದ ಇವಳು ಈ ಲೆಕ್ಕಾಚಾರವನ್ನು ಬೇಗ ಕಂಡುಕೊಂಡಳು. ಒಡೆದದ್ದು ಅಣ್ಣನಾಗಲಿ, ಚೆಲ್ಲಿದ್ದು ತಮ್ಮನಾಗಲಿ, "ನಾನೇ ಅಮ್ಮ" ಎನ್ನುತ್ತಿದ್ದವಳು ಇವಳು. ಅಣ್ಣ ಈಗಲೂ ಫೋನ್ ಮಾಡಿದಾಗ, "ಏನಮ್ಮಾ, ಇವತ್ತು ಯಾರ ತಪ್ಪು ಹೊತ್ಕೊಂಡೆ?" ಎಂದು ರೇಗಿಸುತ್ತಾನೆ. ಅವನ ಪಾಲಿನ ಏಟು ತಿಂದವಳು ಇವಳು, ರೇಗಿಸುವವನು ಅವನು. ನ್ಯಾಯ ನೋಡಿ.

ಅವಳ ಕೆಲಸ, ಜಗತ್ತಿನವರೆಲ್ಲ ಸೇರಿ ಬರೆಯುವ ಲಿನಕ್ಸ್‌ನ ಕರ್ನಲ್‌ನದ್ದು. ಕರ್ನಲ್ ಎಂದರೇನು ಎಂದು ಮಗಳು ಕೇಳಿದಾಗ ಅವಳು ಹೇಳಿದ್ದನ್ನೇ ಇಲ್ಲಿ ಹೇಳಿದರೆ ಸಾಕು. "ನೋಡು ಪುಟ್ಟಿ, ದೊಡ್ಡ ಹೋಟೆಲ್ ಒಂದಿದೆ ಅನ್ಕೋ. ಬರೋರು ಬರ್ತಾನೇ ಇರ್ತಾರೆ, ಕುರ್ಚಿ ಇರೋದು ಇಷ್ಟೇ. ಯಾರಿಗೆ ಎಲ್ಲಿ ಜಾಗ, ಯಾರಿಗೆ ಮೊದಲು ಬಡಿಸಬೇಕು, ಯಾರು ಕಾಯ್ಬೇಕು ಅಂತ ನೋಡ್ಕೊಳ್ಳೋನು ಒಬ್ಬ ಬೇಕಲ್ವಾ? ಮಷಿನ್ ಒಳಗೆ ಆ ಕೆಲಸ ಮಾಡೋದು ಕರ್ನಲ್." "ಹಾಗಾದ್ರೆ ನೀನು ಹೋಟೆಲ್‌ನಲ್ಲಿ ಕೆಲಸ ಮಾಡ್ತೀಯಾ?" ಎಂದು ಮಗಳು ಕೇಳಿದ್ದಕ್ಕೆ, ಪಕ್ಕದಲ್ಲಿ ಕೂತಿದ್ದ ಗಂಡ, "ಹೌದು, ತಿಂಡಿ ಮಾತ್ರ ಮನೆಗೆ ತರಲ್ಲ" ಎಂದ. ಗಂಡನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಕಳಿಸುವ ಅಚ್ಚು ನೋಡಿ, ಮನೆಯ ಮುಂದಿನ ಕೋಣೆಯಲ್ಲೇ ಕೂತು ಮುಖ ಕಾಣದವರ ಬಾಯಿಗೆ ಹಲ್ಲು ಕೂರಿಸುತ್ತಾನೆ. ಕಿಟಕಿಯ ಕಟ್ಟೆ, ಟಿವಿಯ ಮೇಲ್ಭಾಗ, ಎಲ್ಲೆಂದರಲ್ಲಿ ಬಿಳಿ ಗಚ್ಚಿನ ದವಡೆಗಳು ಒಣಗುತ್ತಿರುತ್ತವೆ. ಮೊದಲ ಸಲ ಮನೆಗೆ ಬಂದವರು ಕೊಟ್ಟ ಕಾಫಿ ಕುಡಿಯಲು ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ.

ಹೋಟೆಲಿನಲ್ಲಿ ಊಟ ಮುಗಿದರೂ ಕುರ್ಚಿ ಬಿಡದೆ ಹಲ್ಲು ಕಡ್ಡಿ ಆಡಿಸುತ್ತ ಕೂತಿರುವವರನ್ನು ಎಬ್ಬಿಸುವುದು ಹೇಗೆ? ನಂದೇ ಅಕ್ಕ ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದು ಇದೊಂದಕ್ಕೆ. ಸರ್ವರಿನಲ್ಲಿ ಮೆಮೊರಿ ತುಂಬಿ ಬಂದಾಗ, ಸುಮ್ಮನೆ ಕೂತ ಪ್ರೋಗ್ರಾಮುಗಳಿಂದ ಜಾಗವನ್ನು ನಯವಾಗಿ ಬಿಡಿಸಿ, ಕೆಲಸ ಇರುವವಕ್ಕೆ ಕೊಡುವ ಹೊಸ ಉಪಾಯವೊಂದನ್ನು ಅವಳು ಬರೆದಳು. ಹೀಗೆ ಬರೆದ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಅದನ್ನು ಜಗತ್ತಿನ ಎದುರಿಗೆ, ಯಾರು ಬೇಕಾದರೂ ಓದಬಹುದಾದ ಮೇಲಿಂಗ್ ಲಿಸ್ಟಿಗೆ ಕಳಿಸಬೇಕು. ಕೆಳಗೆ ಬರೆದವರ ಹೆಸರಿರಬೇಕು. ಕಂಡವರೆಲ್ಲ ಮೂಗು ತೂರಿಸಿ ತಪ್ಪು ಹುಡುಕುತ್ತಾರೆ. ಕೊನೆಗೆ ಒಪ್ಪುವುದು ಬಿಡುವುದು ಆ ಭಾಗವನ್ನು ನೋಡಿಕೊಳ್ಳುವ ಹಿರಿಯರೊಬ್ಬರ ಕೈಯಲ್ಲಿ. ಎಲ್ಲೋ ದೂರದ ದೇಶದಲ್ಲಿರುವ, ಇವಳು ಮುಖವನ್ನೂ ನೋಡಿರದ ಅವರನ್ನು ಇವಳ ತಂಡದವರು ಯಜಮಾನರು ಎನ್ನುತ್ತಿದ್ದರು. ಯಜಮಾನರು ಅವಳ ಪ್ಯಾಚನ್ನು ಮತ್ತೆ ಮತ್ತೆ ವಾಪಸು ಕಳಿಸಿ, ಬೆವರಿಳಿಸಿ, ಕೊನೆಗೊಂದು ದಿನ "ತೆಗೆದುಕೊಂಡಿದ್ದೇನೆ" ಎಂದು ಒಂದೇ ಒಂದು ಮಾತು ಬರೆದರು. ಅವತ್ತು ಅವಳು ಆಫೀಸಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಸುಖಕ್ಕೆ ಅತ್ತದ್ದು ಅದೇ ಮೊದಲು.

ಹೊಸ ಕರ್ನಲ್ ಬಂತು, ಅದರಲ್ಲಿ ಅವಳ ಪ್ಯಾಚೂ ಬಂತು. ಕಂಪನಿ ಅದನ್ನು ಸರ್ವರುಗಳಿಗೆ ಹಾಕಿತು. ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದೊಂದಾಗಿ ಸರ್ವರುಗಳು ಹ್ಯಾಂಗ್ ಆಗತೊಡಗಿದವು. ಇಂಥದ್ದೇ ಹೊತ್ತು ಎಂದಿಲ್ಲ, ಇಂಥದ್ದೇ ಕೆಲಸ ಎಂದಿಲ್ಲ. ಓಡುತ್ತಿದ್ದ ಮಷಿನ್ ಇದ್ದಕ್ಕಿದ್ದಂತೆ ಮರಗಟ್ಟಿ ನಿಲ್ಲುತ್ತಿತ್ತು. ನಂದೇ ಅಕ್ಕ ಮೊದಲ ಮೀಟಿಂಗಿನಲ್ಲೇ ಬಾಯಿಬಿಟ್ಟಳು: "ಹೊಸದರಲ್ಲಿ ಮೆಮೊರಿ ಮುಟ್ಟಿದ್ದು ನಾನು. ನಂದೇ ಇರ್ಬೇಕು."

ಅನುಮಾನ ಸಾಲದು, ಹುಡುಕಬೇಕಲ್ಲ. ಹುಡುಕುವುದಕ್ಕೆ ಅವರಲ್ಲೊಂದು ಕ್ರಮವಿದೆ, ಬೈಸೆಕ್ಟ್ ಎನ್ನುತ್ತಾರೆ. ಹಳೆಯ ಕರ್ನಲ್ ಚೆನ್ನಾಗಿತ್ತು, ಹೊಸದು ಕೆಟ್ಟಿದೆ, ನಡುವೆ ಒಂದರ ಮೇಲೊಂದು ಪೇರಿಸಿದ ಸಾವಿರಾರು ಪ್ಯಾಚುಗಳು. ಸರಿಯಾಗಿ ಮಧ್ಯದವರೆಗಿನ ಪ್ಯಾಚುಗಳನ್ನಷ್ಟೇ ಹಾಕಿ ಮಷಿನ್ ಓಡಿಸಬೇಕು. ಹ್ಯಾಂಗ್ ಆದರೆ ಕಳ್ಳ ಮೊದಲರ್ಧದಲ್ಲಿದ್ದಾನೆ, ಆಗದಿದ್ದರೆ ಉಳಿದರ್ಧದಲ್ಲಿ. ಸಿಕ್ಕ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಹಾಗೆ ಅರ್ಧ ಮಾಡುತ್ತ ಮಾಡುತ್ತ ಕೊನೆಗೆ ಒಬ್ಬನೇ ಉಳಿಯುತ್ತಾನೆ. ಇದಕ್ಕಾಗಿ ಮೇಸ್ತ್ರಿ ಒಂದು ಸರ್ವರನ್ನು ಬೇರೆ ಮಾಡಿ ಕೊಟ್ಟ. ದಿನಾ ಸತ್ತು ದಿನಾ ಏಳಬೇಕಾಗಿದ್ದ ಅದಕ್ಕೆ ಅವಳು ಬಡಪಾಯಿ ಎಂದು ಹೆಸರಿಟ್ಟಳು. ಕೂತಲ್ಲಿಂದಲೇ ಅದರ ನಾಡಿ ನೋಡಬಹುದಿತ್ತು, ಆದರೂ ಕೆಳಗಿನ ಮಷಿನ್ ರೂಮಿಗೆ ಇಳಿದು ಹೋಗಿ ಕಣ್ಣಾರೆ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಈ ಹ್ಯಾಂಗ್ ಯಾವಾಗ ಬರುತ್ತದೆ ಎಂದು ಹೇಳುವಂತಿರಲಿಲ್ಲವಾದ್ದರಿಂದ ಪ್ರತಿ ಪರೀಕ್ಷೆಗೂ ಬೆಳಗಿನಿಂದ ಸಂಜೆಯವರೆಗೆ ಇಡೀ ದಿನ ಕೊಟ್ಟಳು. ಅಕ್ಕಿ ಆರಿಸುವವರ ಹಾಗೆ ಕೂತು, ಒಂದೊಂದೇ ಅರ್ಧ ದಾಟಿದ ಮೇಲೆ, ಕೊನೆಗೆ ಅನುಮಾನಕ್ಕೆ ಇಬ್ಬರೇ ಉಳಿದರು.

ಒಂದು ಅವಳದೇ ಪ್ಯಾಚು. ಅದಕ್ಕಿಂತ ಒಂದೇ ಹೆಜ್ಜೆ ಹಿಂದಿನದು ಯಜಮಾನರದ್ದು. ಯಜಮಾನರದ್ದು ಅಂದರೂ ಏನು ಮಹಾ, ಕೆಲವೇ ಸಾಲು, ಹಳೆಯ ಗೋಡೆಗೆ ಸುಣ್ಣ ಬಳಿದಂಥ ಚೊಕ್ಕ ಮಾಡುವ ಕೆಲಸ. ಉಳಿದದ್ದು ಒಂದೇ ಪರೀಕ್ಷೆ. ಯಜಮಾನರ ಪ್ಯಾಚಿನವರೆಗೆ ಮಾತ್ರ ಹಾಕಿ ಬಡಪಾಯಿಯನ್ನು ಓಡಿಸಬೇಕು. ಸತ್ತರೆ ತಪ್ಪು ಅವರದ್ದು, ಬದುಕಿದರೆ ಇವಳದ್ದು. ಅವಳು ಬೆಳಿಗ್ಗೆ ಓಡಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಇಳಿದು ನೋಡಿದಳು. ಬಡಪಾಯಿ ಬದುಕಿತ್ತು, ಅದರ ಹಸಿರು ದೀಪ ಚಟಪಟ ಮಿನುಗುತ್ತಿತ್ತು. "ನಂಗೆ ಮೊದ್ಲೇ ಗೊತ್ತಿತ್ತು" ಎಂದು ಅದಕ್ಕೇ ಹೇಳಿ, ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಮೇಲೆ ಹತ್ತಿ ಹೋಗಿ, ಊಟದ ಡಬ್ಬಿ ಕೂಡ ತೆರೆಯದೆ ಕೂತು, ಜಗತ್ತಿಗೆಲ್ಲ ಕಾಣುವಂತೆ ಬರೆದಳು: ತಪ್ಪು ನನ್ನ ಪ್ಯಾಚಿನದು, ದಯವಿಟ್ಟು ಅದನ್ನು ವಾಪಸು ತೆಗೆಯಿರಿ, ಎಲ್ಲರಿಗೂ ಆದ ತೊಂದರೆಗೆ ಕ್ಷಮೆ ಇರಲಿ.

ಮರುದಿನ ಮ್ಯಾನೇಜರು ಕರೆದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಾರೆ. "ನೋಡಿ, ನಿಮ್ಮ ಬಗ್ಗೆ ನಂಗೇನೂ ಇಲ್ಲ. ಆದ್ರೆ ನೀವೇ ಬರೆದು ನೀವೇ ತಪ್ಪು ಅಂತ ಒಪ್ಕೊಂಡಿದ್ದೀರ. ಪ್ಯಾಚ್ ವಾಪಸ್ ಹೋದ್ರೆ ಮೇಲಿನವರು ಸುಮ್ನಿರಲ್ಲ. ನಿಮ್ಮನ್ನ ಕರ್ನಲ್‌ನಿಂದ ಬಿಡಿಸಿ ಟ್ರೈನಿಂಗ್ ಕಡೆ ಹಾಕೋಣ ಅಂತಿದಾರೆ. ಹೊಸಬ್ರಿಗೆ ಪಾಠ ಹೇಳೋದು."

"ಸರಿ ಸರ್. ನಂದೇ ತಪ್ಪು."

ಸರಿ ಎಂದಳೇನೋ ನಿಜ. ಬೇರೆ ಯಾವ ಕೆಲಸವನ್ನೂ ಅವಳು ಇಷ್ಟು ಪ್ರೀತಿಸಿರಲಿಲ್ಲ. ಮನೆಯಲ್ಲಿ ಗಂಡ ತಟ್ಟೆಗೆ ಬಡಿಸುತ್ತ, "ಏನಾಯ್ತೇ?" ಎಂದರೆ "ಏನಿಲ್ಲಾರೀ" ಎಂದಳು. ಏನಿಲ್ಲಾರೀ ಎಂಬುದರ ಅರ್ಥ ಗೊತ್ತಿದ್ದ ಅವನು ಮತ್ತೆ ಕೇಳಲಿಲ್ಲ, ಇನ್ನೊಂದು ಸೌಟು ಸಾರು ಹಾಕಿದ. ಅವಳು ತಟ್ಟೆಯಲ್ಲೇ ಅನ್ನ ಬಿಟ್ಟು ಎದ್ದಳು.

ಯಜಮಾನರ ಉತ್ತರ ಬಂತು. ಬೈಗುಳವಿಲ್ಲ, ಸಮಾಧಾನವಿಲ್ಲ. ಯಾರೇ ಯಾವುದೇ ಪ್ಯಾಚನ್ನು ವಾಪಸು ತೆಗೆಯಿರಿ ಎಂದರೂ ಅವರು ಕೇಳುವ ಒಂದು ಪ್ರಶ್ನೆಯಿತ್ತು, ಅದನ್ನೇ ಕೇಳಿದ್ದರು: "ನಿಮ್ಮ ಪ್ಯಾಚೊಂದನ್ನೇ ತೆಗೆದು ಇಡೀ ದಿನ ಓಡಿಸಿ ನೋಡಿದಿರಾ? ಹ್ಯಾಂಗ್ ನಿಂತಿತೇ?"

ನೋಡಿರಲಿಲ್ಲ. ತಾನೇ ಒಪ್ಪಿಕೊಂಡ ಮೇಲೆ ಇನ್ನೇನು ನೋಡುವುದು ಎಂದು ಅವಳಿಗೆ ಸಣ್ಣಗೆ ಸಿಟ್ಟೂ ಬಂತು. ಹೊಸ ಕರ್ನಲ್‌ನಿಂದ ತನ್ನ ಪ್ಯಾಚೊಂದನ್ನು ಮಾತ್ರ ಕಿತ್ತು, ಉಳಿದದ್ದೆಲ್ಲ ಹಾಗೇ ಇಟ್ಟು, ಬೆಳಿಗ್ಗೆ ಬಡಪಾಯಿಯನ್ನು ಓಡಿಸಿದಳು. ಊಟದ ಹೊತ್ತಿಗೆ ಇಳಿದು ನೋಡಿದರೆ ದೀಪ ಮಿನುಗುತ್ತಲೇ ಇತ್ತು. ಇನ್ನು ಮುಗಿಯಿತು ಎಂದು ಮೇಲೆ ಬಂದು ಉತ್ತರ ಬರೆಯತೊಡಗಿದಳು. ಇಡೀ ದಿನ ಎಂದು ಯಜಮಾನರು ಕೇಳಿದ್ದರಲ್ಲ, ಆ ಒಂದೇ ಮರ್ಯಾದೆಗೆ ಕಳಿಸದೆ ಕಾದಳು. ಸಂಜೆ ಚೀಲ ಹೆಗಲಿಗೇರಿಸುವ ಹೊತ್ತಿಗೆ ಮೇಸ್ತ್ರಿಯ ಫೋನ್ ಬಂತು.

"ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಬಡಪಾಯಿ ಹೋಯ್ತು."

ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ಬಡಪಾಯಿಯ ದೀಪ ಮಿಟುಕದೆ ಒಂದೇ ಸಮ ಉರಿಯುತ್ತಿತ್ತು. ಕೀಬೋರ್ಡ್ ತಂದು ಚುಚ್ಚಿ ಒತ್ತಿದರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದೇ ಹ್ಯಾಂಗ್, ಅದೇ ಮರಗಟ್ಟಿದ ಪರದೆ. ಒಳಗೆ ಅವಳ ಪ್ಯಾಚ್ ಇರಲೇ ಇಲ್ಲ. ಆಗಲೇ ಅವಳು ಚಪ್ಪಾಳೆ ತಟ್ಟಿದ್ದು. ತಟ್ಟಿ, ಸಾಲದೆಂಬಂತೆ ಇದ್ದಲ್ಲೇ ಎರಡು ಸಲ ಕುಪ್ಪಳಿಸಿದಳು.

ಮೇಸ್ತ್ರಿ ಕಿವಿಯ ಮುಚ್ಚಿಗೆ ಸರಿಸಿ ಕೂಗಿದ: "ಏನಕ್ಕಾ! ಮಷಿನ್ ಸತ್ತೋಗಿದೆ!"

"ಗೊತ್ತು ಕಣಯ್ಯಾ! ನಾನಿಲ್ದೇನೇ ಸತ್ತಿದೆ!"

ಎದೆಯ ಮೇಲಿನ ಚಪ್ಪಡಿ ಸರಿಸಿದಂತೆ ಉಸಿರು ಸಲೀಸಾಗಿ ಒಳಗೆ ಹೋಯಿತು. ತಾನಲ್ಲ. ಯಾರೋ ಇನ್ನೊಬ್ಬರು, ಯಾರಾದರೂ ಸರಿ, ತಾನಲ್ಲ. ಆ ಸುಖದಲ್ಲೇ ಕಪಾಟಿಗೆ ಒರಗಿ ನಿಂತಾಗ ಅವಳಿಗೆ ಹೊಳೆಯಿತು, ಎಡವಿದ್ದು ಎಲ್ಲಿ ಎಂದು. ಅಷ್ಟೂ ಪರೀಕ್ಷೆಗಳಿಗೆ ಇಡೀ ದಿನ ಕೊಟ್ಟವಳು ಕೊನೆಯದೊಂದಕ್ಕೆ ಮಾತ್ರ ಮಧ್ಯಾಹ್ನದವರೆಗೆ ಕಾದಿದ್ದಳು. ಊರಿನವರ ಪ್ಯಾಚುಗಳ ಮೇಲೆ ತಪ್ಪು ಹೊರಿಸುವುದಕ್ಕೆ ಮುಂಚೆ ಅವಳಿಗೆ ಸಂಜೆಯ ತನಕ ಸಾಕ್ಷಿ ಬೇಕಿತ್ತು. ತನ್ನ ಮೇಲೆ ಹೊರಿಸಿಕೊಳ್ಳುವುದಕ್ಕೆ ಅರ್ಧ ದಿನ ಸಾಕಾಗಿತ್ತು. ಸಂಜೆಯವರೆಗೆ ಬಿಟ್ಟಿದ್ದರೆ ಬಡಪಾಯಿ ಅವತ್ತೇ ಸತ್ತು ನಿಜ ಹೇಳುತ್ತಿತ್ತು. ಎಂಥ ಮೂರ್ಖಳು ನಾನು ಎಂದು ಅವಳಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಮೇಸ್ತ್ರಿ ಏನೂ ತೋಚದೆ ತನ್ನ ನೀರಿನ ಬಾಟಲಿ ಮುಂದೆ ಹಿಡಿದ.

ಆಮೇಲಿನದ್ದು ಗಡಿಬಿಡಿಯಿಲ್ಲದ ಕೆಲಸ. ಯಜಮಾನರ ಪ್ಯಾಚಿನವರೆಗಿನದನ್ನು ಮತ್ತೆ ಹಾಕಿ, ಈ ಸಲ ಸಂಜೆಯವರೆಗೆ ಕಾದಳು, ಬಡಪಾಯಿ ಸತ್ತಿತು. ಯಜಮಾನರದ್ದನ್ನು ತೆಗೆದು ತನ್ನದನ್ನು ಇಟ್ಟಳು. ಬಡಪಾಯಿ ವಾರವಿಡೀ ಓಡಿಯೂ ಗುಂಡುಕಲ್ಲಿನ ಹಾಗಿತ್ತು. ಸುಣ್ಣ ಬಳಿಯುವಾಗ ಯಜಮಾನರು ಗೋಡೆಯೊಳಗಿನ ಒಂದು ಮೊಳೆಯನ್ನು ಬೇಡದ್ದೆಂದು ಕಿತ್ತಿದ್ದರು, ಭಾರವೆಲ್ಲ ಅದರ ಮೇಲೇ ನಿಂತಿತ್ತು.

ಕಷ್ಟವಾದದ್ದು ಅದನ್ನು ಬರೆಯುವುದು. "ಬಹುಶಃ ನನ್ನದೇ ಅಳತೆ ತಪ್ಪಿರಬಹುದು, ಆದರೂ" ಎಂದು ಶುರು ಮಾಡಿದಳು. ಅಳಿಸಿದಳು. "ನನ್ನ ಪ್ಯಾಚೂ ಸ್ವಲ್ಪ ಮಟ್ಟಿಗೆ ಕಾರಣವಿರಬಹುದು" ಎಂದು ಬರೆದಳು. ಸ್ವಲ್ಪ ಮಟ್ಟಿಗೂ ಕಾರಣವಿರಲಿಲ್ಲ, ಅಳಿಸಿದಳು. ಬೇರೆಯವರ ತಪ್ಪನ್ನು ಹೊರುವುದು ಅಭ್ಯಾಸವಾದವರಿಗೆ ಅದನ್ನು ಇಳಿಸುವುದು ಇನ್ನೊಬ್ಬರ ಕಾಲ ಮೇಲೆ ಎತ್ತಿಹಾಕಿದ ಹಾಗೆ ಅನ್ನಿಸುತ್ತದೋ ಏನೋ. ಕೊನೆಗೆ ಕಣ್ಣು ಮುಚ್ಚಿ ಬರೆದಳು: "ನಾನು ಮೊದಲು ಹೇಳಿದ್ದು ತಪ್ಪು. ಹ್ಯಾಂಗ್ ನನ್ನ ಪ್ಯಾಚಿನಿಂದಲ್ಲ, ಅದರ ಹಿಂದಿನದರಿಂದ. ಅದು ನಿಮ್ಮದು. ಪರೀಕ್ಷೆಗಳ ವಿವರ ಕೆಳಗಿದೆ." ಕಳಿಸಿ, ಎದ್ದು ನೀರು ಕುಡಿಯಲು ಹೋದಳು. ಲೋಟ ತುಂಬಿ ಚೆಲ್ಲುತ್ತಿದ್ದುದೂ ತಿಳಿಯಲಿಲ್ಲ.

ಉತ್ತರ ಮರುದಿನ ಬಂತು. "ಹೌದು, ನನ್ನದೇ. ಎಷ್ಟು ಚಿಕ್ಕ ಬದಲಾವಣೆ ಎಂದರೆ, ನಾನು ಅದನ್ನು ಒಮ್ಮೆಯೂ ಓಡಿಸಿ ನೋಡಲಿಲ್ಲ. ಎಲ್ಲರಲ್ಲೂ ಕ್ಷಮೆ ಕೇಳುತ್ತೇನೆ. ನಿಮ್ಮ ಪ್ಯಾಚ್ ಇದ್ದಲ್ಲೇ ಇರುತ್ತದೆ, ನನ್ನದನ್ನು ತೆಗೆದಿದ್ದೇನೆ. ಒಂದು ಮಾತು. ಮುಂದಿನ ಸಲ ನಿಮ್ಮ ಮೇಲೆ ನೀವೇ ದೂರು ತಂದರೂ ಸಾಕ್ಷಿ ತನ್ನಿ. ನಿಮಗೂ ಇಡೀ ದಿನದ ವಿಚಾರಣೆ ಸಿಗಬೇಕು."

ಅವಳು ಅದನ್ನು ಮೂರು ಸಲ ಓದಿದಳು. ಮ್ಯಾನೇಜರು ತಾವೇ ಅವಳ ಮೇಜಿನ ಬಳಿ ಬಂದರು. ಕೈಯಲ್ಲಿ ಪೆನ್ನಿರಲಿಲ್ಲ. "ಟ್ರೈನಿಂಗ್ ಅಂತ ನಾನೇನಾದ್ರೂ ಅಂದಿದ್ನಾ? ನಂಗಂತೂ ನೆನಪಿಲ್ಲಪ್ಪ" ಎಂದರು. ಅವತ್ತು ಮಧ್ಯಾಹ್ನ ಅವಳು ಡಬ್ಬಿಯ ತಳ ಕಾಣುವವರೆಗೆ ಊಟ ಮಾಡಿದಳು, ಪಕ್ಕದವರ ಡಬ್ಬಿಗೂ ಕೈ ಹಾಕಿದಳು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಳು, ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಏನೋ ಬಿದ್ದು ಒಡೆದ ಸದ್ದು. ಹೋಗಿ ನೋಡಿದರೆ ಗಚ್ಚಿನ ದವಡೆಯೊಂದು ನೆಲದ ಮೇಲೆ ಚೂರುಚೂರಾಗಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಗಂಡ ಅಡುಗೆಮನೆಯಿಂದ ಬಂದ. ಬಚ್ಚಲಿನ ಬಾಗಿಲು ತೆರೆದು ಮಗಳು ಓಡಿ ಬಂದಳು, ಮುಖದ ಮೇಲೆ ಇನ್ನೂ ಸೋಪಿನ ನೊರೆ.

"ನಾನೇ ಅಮ್ಮ!" ಎಂದಳು ಮಗಳು, ಯಾರೂ ಕೇಳುವ ಮೊದಲೇ.

ನಂದೇ ಅಕ್ಕ ಹೆಗಲ ಚೀಲ ಕೆಳಗಿಟ್ಟಳು. ಅವಳು ನೆಲದ ಮೇಲೆ ಮಗಳ ಎದುರು ಕೂತಳು. "ಇದು ಬಿದ್ದಾಗ ನೀನೆಲ್ಲಿದ್ದೆ?"

"ಮುಖ ತೊಳೀತಿದ್ದೆ."

"ಬಚ್ಚಲಿಂದ ಇಲ್ಲಿವರೆಗೂ ನಿನ್ನ ಕೈ ಉದ್ದ ಬರುತ್ತಾ?"

ಮಗಳು ಕಿಸಕ್ಕನೆ ನಕ್ಕು ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ನಾನೇ ಅಂತ ಯಾಕಂದೆ?"

"ನೀನೂ ಹಾಗೇ ಅಂತೀಯಲ್ಲಮ್ಮ, ಯಾವಾಗ್ಲೂ."

 ಅವಳು ಸೆರಗಿನಿಂದ ಮಗಳ ಮುಖದ ನೊರೆ ಒರೆಸಿದಳು, ಒರೆಸಿದ್ದು ಸಾಲದೆಂದು ಮತ್ತೊಮ್ಮೆ ಒರೆಸಿದಳು. ಗಂಡ ಕೆಮ್ಮಿ, "ಅಲ್ಲ, ಅದು ನಾನೇ ಇರ್ಬೇಕು. ಅಂಚಿಗೆ ಇಟ್ಟಿದ್ದೆ ಅನ್ಸುತ್ತೆ" ಎಂದ.

"ಸುಮ್ನಿರ್ರೀ ನೀವು! ಸಾಕ್ಷಿ ಎಲ್ಲಿ?" ಎಂದಳು ಅವಳು. "ಈ ಮನೇಲಿ ಇನ್ಮೇಲೆ ಯಾರೂ ಸುಮ್‌ಸುಮ್ನೆ ನಾನೇ ಅನ್ನಂಗಿಲ್ಲ. ಪುಟ್ಟಿ, ಒಂದು ಪ್ಲಾಸ್ಟಿಕ್ ಲೋಟ ತಗೊಂಡ್ ಬಾ."

ದವಡೆ ಒಣಗುತ್ತಿದ್ದ ಕಿಟಕಿಯ ಕಟ್ಟೆಯ ಮೇಲೆ, ಅದರ ಬಿಳಿ ಗುರುತು ಉಳಿದಿದ್ದ ಜಾಗದಲ್ಲೇ, ಮಗಳು ಲೋಟ ಇಟ್ಟಳು. ಅಂಚೇನೂ ಅಲ್ಲ, ಕಟ್ಟೆಯ ನಡುಮಧ್ಯ. ಕಿಟಕಿ ತೆರೆದಿತ್ತು, ಉದ್ದನೆಯ ಪರದೆ ಸುಮ್ಮನೆ ಇಳಿಬಿದ್ದಿತ್ತು. ಮೂವರೂ ಎದುರಿಗೆ ನೆಲದ ಮೇಲೆ ಸಾಲಾಗಿ ಕೂತರು.

"ಎಷ್ಟೊತ್ತು ಕಾಯ್ಬೇಕಮ್ಮ?"

"ಅದು ಬೀಳೋವರೆಗೂ. ಆತುರ ಪಡೋದೇ ತಪ್ಪು."

"ಒಲೆ ಮೇಲೆ ಸಾರಿದೆ ಕಣೇ" ಎಂದ ಗಂಡ. ಆದರೂ ಎದ್ದು ಹೋಗಲಿಲ್ಲ, ಕೈ ಚಾಚಿ ಮಗಳನ್ನು ಒರಗಿಸಿಕೊಂಡ. ಹೊರಗೆ ಯಾರದೋ ಸ್ಕೂಟರು ಹೋಯಿತು, ಎದುರುಮನೆಯವರು ಗೇಟು ಹಾಕಿದರು. ಲೋಟ ಇದ್ದಲ್ಲೇ ಇತ್ತು. ಆಮೇಲೆ ಎಲ್ಲಿಂದಲೋ ಒಂದು ಗಾಳಿ ಬಂತು. ಪರದೆ ಹೊಟ್ಟೆ ತುಂಬಿಕೊಂಡು ಒಳಕ್ಕೆ ಉಬ್ಬಿ, ಲೋಟವನ್ನು ಅನಾಮತ್ತಾಗಿ ಕಟ್ಟೆಯಿಂದಾಚೆ ತಳ್ಳಿತು.

ಲೋಟ ನೆಲಕ್ಕೆ ಬಿದ್ದು ಉರುಳಿ ನಿಂತ ಮೇಲೆ ಮೊದಲು ಚಪ್ಪಾಳೆ ತಟ್ಟಿದವಳು ಮಗಳು.